ಕೊಡಗಿನಲ್ಲಿ ಹಳಗನ್ನಡದ ಕುರುಹುಗಳು

ಒಂದು ರಾಜ್ಯವು ಅಳಿದರೆ ಅದರ ಕೋಟೆಕೊತ್ತಲಗಳಾದರೂ ಕೆಲವು ಕಾಲ ನಿಂತಿರುವುವು. ಒಂದು ನುಡಿಯು ಅಳಿದರೆ ಅದಕ್ಕೆ ಪಾಳುಗೋಡೆಯೂ ಇರುವುದಿಲ್ಲ. ಅದನ್ನು ಆಡುತ್ತಿದ್ದ ಕಡೆಯ ಬಾಯಿಯು ಮುಚ್ಚಿದ ದಿನವೇ ಅದು ಗಾಳಿಯಲ್ಲಿ ಬೆರೆತುಹೋಗುವುದು. ಹೀಗಿದ್ದರೂ ಎಷ್ಟೋ ನುಡಿಗಳು ತಾವು ಸತ್ತ ಮೇಲೆಯೂ ಮೂರು ಎಡೆಗಳಲ್ಲಿ ತಮ್ಮ ಕುರುಹನ್ನು ಉಳಿಸಿಹೋಗಿರುವುವು. ಕಲ್ಲು, ತಾಮ್ರ, ಸುಟ್ಟ ಮಣ್ಣು ಇವುಗಳ ಮೇಲಣ ಬರೆಹವು ಮೊದಲನೆಯದು. ಊರು, ಹೊಳೆ, ನಾಡುಗಳ ಹೆಸರುಗಳು ಎರಡನೆಯದು. ಇಂದಿಗೂ ಬದುಕಿರುವ ನುಡಿಗಳ ಒಡಲಿನಲ್ಲಿ ಸೇರಿಕೊಂಡಿರುವ ಶಬ್ದಗಳೂ ಉಚ್ಚಾರಗಳೂ ಮೂರನೆಯದು. ಈ ಮೂರು ಸಾಕ್ಷಿಗಳನ್ನು ಬೇರೆಬೇರೆಯಾಗಿ ವಿಚಾರಿಸಿ, ಬಳಿಕ ಅವರ ಮಾತುಗಳನ್ನು ಹೋಲಿಸಿ ನೋಡಿದರೆ ಹಿಂದಣ ಸಂಗತಿಯು ತಿಳಿಯಬರುವುದು. ಒಬ್ಬನ ಮಾತನ್ನು ಇನ್ನೊಬ್ಬನ ಬಾಯಲ್ಲಿಟ್ಟರೆ ಇತಿಹಾಸವು ಕೆಡುವುದು.

ಇದಕ್ಕೆ ಲೋಕಪ್ರಸಿದ್ಧವಾದ ನಿದರ್ಶನವು ಏಷ್ಯಾಖಂಡದ ಪಡುವಣ ತುದಿಯಲ್ಲಿರುವ ಅನಟೋಲಿಯದಲ್ಲಿದೆ. ಇಂದಿನ ತುರ್ಕಿ ದೇಶದ ಆ ಪ್ರಸ್ಥಭೂಮಿಯಲ್ಲಿ ಹಿಟ್ಟೈಟರೆಂಬ ಜನರು ದೊಡ್ಡ ರಾಜ್ಯವೊಂದನ್ನು ಕಟ್ಟಿ ಆಳಿದರು. ಕ್ರಿ. ಪೂ. ೧೨೦೦ರ ಸುಮಾರಿಗೆ ಅವರ ರಾಜಧಾನಿಯಾದ ಹತ್ತುಶವು ಹಾಳಾಯಿತು. ಅವರ ನುಡಿಯೂ ಅದರೊಡನೆ ಮಣ್ಣುಪಾಲಾಯಿತು. ಮೂರು ಸಾವಿರ ವರ್ಷಗಳ ತರುವಾಯ, ೧೯೦೬ರಲ್ಲಿ, ಹ್ಯೂಗೋ ವಿಂಕ್ಲರ್ ಎಂಬ ಜರ್ಮನ್ ಪಂಡಿತರು ಬೊಗಾಜ್‌ಕೊಯ್ ಎಂಬ ಹಳ್ಳಿಯ ಬಳಿ ಅಗೆಯಿಸಿದಾಗ ಸಾವಿರಾರು ಮಣ್ಣಿನ ಹಲಗೆಗಳು ದೊರೆತುವು. ಅವುಗಳ ಪೈಕಿ ಒಂದು ಒಪ್ಪಂದಪತ್ರದಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರೆಂಬ ವೇದದ ದೇವತೆಗಳ ಹೆಸರುಗಳು ಕಂಡುಬಂದು ವಿದ್ವಾಂಸರನ್ನು ಬೆರಗುಗೊಳಿಸಿದುವು. ೧೯೧೫ರಲ್ಲಿ ಹ್ರೋಜ್ನಿ ಎಂಬ ಚೆಕ್ ಪಂಡಿತರು ಆ ಹಲಗೆಗಳ ನುಡಿಯು ಸಂಸ್ಕೃತ, ಗ್ರೀಕ್, ಲ್ಯಾಟಿನ್ ನುಡಿಗಳ ಬಂಧುವೆಂದು ಸಾರಿದರು. ಆ ದೇಶದಲ್ಲಿ ಇಂದು ಹಿಟ್ಟೈಟ್ ಬಲ್ಲ ರೈತನೊಬ್ಬನೂ ಇಲ್ಲ. ಆದರೆ ಕೋನ್ಯ, ಅದನ ಎಂಬ ಪಟ್ಟಣಗಳು ಇಕ್ಕುವನಿಯ, ಅದನಿಯ ಎಂಬ ಆ ಕಾಲದ ಹೆಸರುಗಳನ್ನೇ ಸವೆಸಿ ಹೊತ್ತುಕೊಂಡಿವೆ.

ಕೊಡಗು ಇಂಥ ಶೋಧನೆಗೆ ಒದಗಿಬರುವ ನಾಡೆಂಬುದನ್ನು ವಾಚಕರು ಗಮನಿಸಬೇಕು. ಗಂಗರಸರು ಆಳುತ್ತಿದ್ದ ಕಾಲದಲ್ಲಿ ಈ ನಾಡಿನ ಶಾಸನಗಳಲ್ಲಿ ಬರೆಯಲ್ಪಟ್ಟ ಕನ್ನಡವನ್ನು ಇಂದು ಯಾರೂ ಆಡುವುದಿಲ್ಲ. ಅದು ಹಿಟ್ಟೈಟಿನಂತೆ ಸಂತಾನವಿಲ್ಲದೆ ಹೋದುದಲ್ಲ. ಈಗಿನ ಕನ್ನಡವು ಅದರ ಮಗಳೇ ಸರಿ. ಆದರೆ ಅದರ ಅಕ್ಷರಗಳಲ್ಲಿ ಎರಡು ಸತ್ತಿವೆ. ಮೊದಲಕ್ಷರದ ಪಕಾರವು ಹಕಾರವಾಗಿದೆ. ವಿಭಕ್ತಿ ಕ್ರಿಯಾಪದಗಳ ರೂಪವು ಬದಲಾಗಿದೆ. ಆ ಶಾಸನಗಳನ್ನು ಓದಿದರೆ ಈಗಿನ ಕನ್ನಡಿಗನಿಗೆ ಪಂಡಿತನ ನೆರವಿಲ್ಲದೆ ಅರ್ಥವಾಗದು. ಆಡುನುಡಿಯಾಗಿ ಅದು ಅಳಿದುಹೋದುದೇ. ಅದರ ಕುರುಹುಗಳು ಕೊಡಗಿನ ಕಲ್ಲಿನಲ್ಲಿಯೂ ಊರ ಹೆಸರುಗಳಲ್ಲಿಯೂ ಉಳಿದಿವೆ. ಮೂರನೆಯ ಸಾಕ್ಷಿಯೆಂದು ಕೊಡವ ತಕ್ಕನ್ನು, ಎಂದರೆ ಕೊಡವರ ನುಡಿಯನ್ನು, ಕರೆಯುವುದು ವಾಡಿಕೆ. ಆ ಸಾಕ್ಷಿಯು ನಿಜವಾಗಿ ಏನನ್ನು ಹೇಳುವುದೆಂಬುದೇ ಇಲ್ಲಿಯ ಮುಖ್ಯ ವಿಚಾರ.

೧. ಶಿಲೆಯ ಸಾಕ್ಷ್ಯ

ಕೊಡಗಿನ ಶಾಸನಗಳನ್ನು ಮೊಟ್ಟಮೊದಲು ಒಟ್ಟುಗೂಡಿಸಿ ೧೮೮೬ರಲ್ಲಿ ಅಚ್ಚುಹಾಕಿಸಿದವರು ಬಿ. ಎಲ್. ರೈಸ್ ಸಾಹೇಬರು. ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಮಹಾಗ್ರಂಥಮಾಲೆಯ ಮೊದಲನೆಯ ಸಂಪುಟವೇ ಕೊಡಗಿನದು. ಅದರ ಪರಿಷ್ಕೃತ ಮುದ್ರಣವು ೧೯೧೪ರಲ್ಲಿಯೂ, ಮೈಸೂರು ವಿಶ್ವವಿದ್ಯಾನಿಲಯದ ಹೊಸ ಆವೃತ್ತಿಯು ೧೯೭೨ರಲ್ಲಿಯೂ ಹೊರಬಂದುವು.

ಇವುಗಳಲ್ಲಿ ದಕ್ಷಿಣ ಕೊಡಗಿನ ಕಿಗ್ಗಟ್ಟುನಾಡಿನ ಬಿಳಿಯೂರು ಶಾಸನವು ಅತ್ಯಂತ ಬೆಲೆಯುಳ್ಳದ್ದು. ಅದರ ಕಾಲ ಶಕವರ್ಷ ೮೦೯, ಎಂದರೆ ಕ್ರಿ. ಶ. ೮೮೭. ಸತ್ಯವಾಕ್ಯ ಕೊಂಗುಣಿವರ್ಮ ಪೆರ್ಮನಡಿ ಎಂಬ ಗಂಗರಸನು ತನಗೆ ಪಟ್ಟವಾದ ಹದಿನೆಂಟನೆಯ ವರ್ಷದಲ್ಲಿ, ಪೆದ್ದೊರೆಗರೆ ಎಂಬ ನಾಡಿನ ಬಿಳಿಯೂರ ಹನ್ನೆರಡು ಹಳ್ಳಿಗಳನ್ನು ಪೆನ್ನೆಕಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ ಸರ್ವನಂದಿದೇವರಿಗೆ ಬಿಟ್ಟುಕೊಟ್ಟನು. ದಾನಕ್ಕೆ ಸಾಕ್ಷಿಗಳಾಗಿ ನಿಂತವರ ಪಟ್ಟಿಯು ಇನ್ನೂ ಸ್ವಾರಸ್ಯವಾಗಿದೆ. ಗಂಗವಾಡಿ ತೊಂಬತ್ತಾರು ಸಾಸಿರದವರು, ಬೆದ್ದೊರೆಗರೆಯ ಎಪ್ಪತ್ತು ಮಂದಿ, ಎಂಟು ಒಕ್ಕಲು ಇವರೆಲ್ಲರೂ ಅದರಲ್ಲಿ ಬರುತ್ತಾರೆ. ಮಲೆಯ ಸಾಸಿರ್ವರೂ ಐನೂರ್ವರೂ ದಾನವನ್ನು ಕಾಯತಕ್ಕವರು. ಅರಸನು ಕೊಟ್ಟರೂ ಮಲೆಯ ಜನರ ಕಾಪಿಲ್ಲದೆ ದಾನವು ನಿಲ್ಲದೆಂಬುದು ಆ ಕಾಲದವರಿಗೆ ಚೆನ್ನಾಗಿ ತಿಳಿದಿದ್ದಿತು.

ಈ ಶಾಸನದ ಒಂದೊಂದು ಶಬ್ದವೂ ಒಂದೊಂದು ಕುರುಹು. ‘ಪೆದ್ದೊರೆ’ ಎಂದರೆ ಹಿರಿಯ ತೊರೆ; ‘ಪೇರ್’ ಎಂಬುದಕ್ಕೆ ‘ತೊರೆ’ ಸೇರಿ ಆದುದು. ಒಂದೇ ಶಾಸನದಲ್ಲಿ ‘ಪೆದ್ದೊರೆ’ ಎಂದೂ ‘ಬೆದ್ದೊರೆ’ ಎಂದೂ ಎರಡು ರೂಪಗಳು ಕಾಣುವುವು. ‘ಕಡಂಗ’ ಎಂಬುದು ಕೊಡಗಿನಲ್ಲಿ ಇಂದಿಗೂ ಬದುಕಿರುವ ಮಾತು. ನಾಡುನಾಡುಗಳ ನಡುವೆ, ಕಾಡು ಬೆಟ್ಟಗಳ ಮೇಲೆ, ಹಿಂದಿನವರು ಕಾಳೆಗಕ್ಕಾಗಿ ತೋಡಿದ ಆಳವಾದ ಕಂದಕಗಳನ್ನು ಕಡಂಗಗಳೆಂದೇ ಕರೆಯುವರು. ಆ ಹೆಸರಿನ ಊರೂ ಇದೆ. ಸಾವಿರದ ನೂರು ವರ್ಷಗಳಿಗೆ ಮಿಕ್ಕು ಈ ಶಬ್ದವು ಇದೇ ಮಣ್ಣಿನಲ್ಲಿ ರೂಪಗೆಡದೆ ನಿಂತಿರುವುದು. ‘ಒಕ್ಕಲು’ ಎಂಬುದರ ವಿಚಾರವು ಮುಂದೆ ಬರುವುದು.

ಎರಡನೆಯದು ಪೆಗ್ಗೂರಿನ ಶಾಸನ. ಶಕವರ್ಷ ೮೯೯ರದು, ಎಂದರೆ ಕ್ರಿ. ಶ. ೯೭೭ರ ಸುಮಾರಿನದು. ಗಂಗವಂಶದ ರಕ್ಕಸನು ಬೆದ್ದೊರೆಗರೆಯನ್ನು ಆಳುತ್ತಿದ್ದಾಗ ಶ್ರವಣಬೆಳ್ಗೊಳದ ಅನಂತವೀರ್ಯಯ್ಯನಿಗೆ ಕೊಟ್ಟ ದಾನವನ್ನು ಇದು ಹೇಳುವುದು. ಊರ ಹೆಸರು ಇದರಲ್ಲಿ ‘ಪೆರ್ಗ್ಗದೂರ್’ ಎಂದಿದೆ. ಬಿಳಿಯೂರಿನ ಕಲ್ಲಿಗೂ ಇದಕ್ಕೂ ನಡುವೆ ತೊಂಬತ್ತು ವರ್ಷಗಳು ಕಳೆದಿದ್ದರೂ ಮೊದಲಕ್ಷರದ ಪಕಾರವು ಅಲುಗಿಲ್ಲ.

ಮೂರನೆಯದಾಗಿ, ಉತ್ತರ ಕೊಡಗಿನ ಶನಿವಾರಸಂತೆಗೆ ಸಮೀಪದ ಮುಳ್ಳೂರಿನ ಬಸದಿಗಳಲ್ಲಿ ಕೊಂಗಾಳ್ವರ ಶಾಸನಗಳಿವೆ. ಚೋಳರ ಅಧೀನದಲ್ಲಿ ಹನ್ನೊಂದನೆಯ ಶತಮಾನದ ಆದಿಯಲ್ಲಿ ತಲೆಯೆತ್ತಿದ ಈ ವಂಶದವರು ಚೋಳ ಚಕ್ರವರ್ತಿಗಳ ಹೆಸರುಗಳನ್ನು ಧರಿಸಿದರೂ ತಮ್ಮ ದಾನಗಳನ್ನು ಕನ್ನಡದಲ್ಲಿಯೇ ಬರೆಯಿಸಿದರು. ಕ್ರಿ. ಶ. ೧೦೫೮ರ ಶಾಸನದಲ್ಲಿ ರಾಜೇಂದ್ರ ಕೊಂಗಾಳ್ವನ ತಾಯಿಯಾದ ಪೋಚಬ್ಬರಸಿಯ ಹೆಸರೂ ಅವಳ ಗುರುವಾದ ಗುಣಸೇನ ಪಂಡಿತನ ಹೆಸರೂ ಬರುವುವು.

ಕೊಡಗಿನ ಹಳೆಯ ಬರೆಹಗಳೆಲ್ಲವೂ ಕನ್ನಡವೆಂದು ಮಾತ್ರ ಭಾವಿಸಲಾಗದು. ಭಾಗಮಂಡಲ, ಪಾಲೂರುಗಳಲ್ಲಿ ಬೋಧರೂಪನೆಂಬ ಅರಸನ ಹೆಸರುಳ್ಳ ಬರೆಹಗಳಿವೆ. ಅವುಗಳ ಬರೆವಣಿಗೆಯು ಗಂಗರ ಶಾಸನಗಳ ಜಾತಿಯದಲ್ಲ, ಮಲೆಯಾಳದ ಕಡೆಯ ಲಿಪಿಗಳ ಸಂಬಂಧವುಳ್ಳದ್ದು. ಮೂಡಣ ಬಯಲಿನಿಂದ ಕನ್ನಡವೂ ಪಡುವಣ ಘಟ್ಟದಾಚೆಯಿಂದ ಮಲೆಯಾಳದ ಲಿಪಿಯೂ ಬಂದು ಈ ನಾಡಿನಲ್ಲಿ ಸಂಧಿಸಿದುವೆಂದು ಇದರಿಂದ ತಿಳಿಯುವುದು.

೨. ಮಡಿಕೇರಿಯ ತಾಮ್ರಪಟಗಳು

ಕಲ್ಲಿನ ಸಾಕ್ಷ್ಯದಂತೆ ತಾಮ್ರದ ಸಾಕ್ಷ್ಯವೂ ಒಂದಿದೆ. ಮಡಿಕೇರಿಯ ಖಜಾನೆಯಲ್ಲಿದ್ದ ಮೂರು ತಾಮ್ರಪಟಗಳು ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ವಾಂಸರ ಕಣ್ಣಿಗೆ ಬಿದ್ದು ಬಹಳ ಗದ್ದಲವನ್ನೆಬ್ಬಿಸಿದುವು. ಗಂಗರಸ ಅವಿನೀತನ ಹೆಸರಿನ ಈ ಶಾಸನದಲ್ಲಿ ಸಂಸ್ಕೃತದೊಡನೆ ಹಳಗನ್ನಡವೂ ಬೆರೆತಿದೆ. ತಲವನನಗರದ, ಎಂದರೆ ತಲಕಾಡಿನ, ಶ್ರೀವಿಜಯ ಜಿನಾಲಯಕ್ಕೆ ಬದನೆಗುಪ್ಪೆ ಎಂಬ ಊರನ್ನು ಕೊಟ್ಟುದನ್ನು ಅದು ಹೇಳುವುದು. ಅದರಲ್ಲಿರುವ ೩೮೮ ಎಂಬ ವರ್ಷವನ್ನು ಶಕವರ್ಷವೆಂದು ಎಣಿಸಿ ರೈಸ್ ಸಾಹೇಬರು ಕ್ರಿ. ಶ. ೪೬೬ ಎಂದು ಕಾಲವನ್ನು ನಿರ್ಣಯಿಸಿದರು. ಇದು ನಿಜವಾದರೆ ಕನ್ನಡದ ಅತಿ ಪ್ರಾಚೀನ ಬರೆಹಗಳ ಸಾಲಿನಲ್ಲಿ ಕೊಡಗಿನದೂ ಒಂದಾಗುವುದು.

ಆದರೆ ಫ್ಲೀಟ್ ಪಂಡಿತರು ಇದನ್ನು ಕೂಟಶಾಸನವೆಂದು ತಳ್ಳಿಹಾಕಿದರು. ಅಕ್ಷರಗಳ ಆಕಾರವು ಐದನೆಯ ಶತಮಾನದ್ದಲ್ಲ, ಕೆಲವು ಶತಮಾನಗಳ ಈಚಿನದು. ಅದರಲ್ಲಿ ಬರುವ ‘ಅಕಾಲವರ್ಷ’ ಎಂಬ ಬಿರುದು ರಾಷ್ಟ್ರಕೂಟ ವಂಶದ ಕೃಷ್ಣರಾಜರದು. ಅವಿನೀತನ ಕಾಲದಲ್ಲಿ ರಾಷ್ಟ್ರಕೂಟರ ಸಾಮ್ರಾಜ್ಯವೇ ಹುಟ್ಟಿರಲಿಲ್ಲ. ಈ ಆಕ್ಷೇಪಗಳಿಗೆ ತೃಪ್ತಿಕರವಾದ ಸಮಾಧಾನವು ದೊರೆತಿಲ್ಲ. ಆದುದರಿಂದ ಕನ್ನಡದ ಪ್ರಾಚೀನತೆಯ ಹಿರಿಮೆಯನ್ನು ಈ ಪಟಗಳ ಮೇಲೆ ನಿಲ್ಲಿಸುವುದು ಉಸುಬಿನ ಮೇಲೆ ಮನೆ ಕಟ್ಟಿದಂತೆಯೇ. ಆ ಹಿರಿಮೆಗೆ ಗಟ್ಟಿಯಾದ ತಳಹದಿಯು ಬೇರೆಡೆಯಲ್ಲಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ೧೯೩೬ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಿಲಾಶಾಸನವು ಕ್ರಿ. ಶ. ೪೫೦ರ ಸುಮಾರಿನದೆಂದು ಎಣಿಸಲ್ಪಟ್ಟಿದೆ.

ಹಾಗೆಂದು ಮಡಿಕೇರಿಯ ಪಟಗಳನ್ನು ಎಸೆಯಬೇಕಾಗಿಯೂ ಇಲ್ಲ. ಕೂಟಶಾಸನವನ್ನು ಬರೆದವನು ಇಸವಿಯಲ್ಲಿ ಸುಳ್ಳಾಡಬಲ್ಲನು. ನುಡಿಯಲ್ಲಿ ಸುಳ್ಳಾಡುವುದು ಅವನಿಂದಾಗದು. ಅರಿಯದೆಯೇ ಅವನು ತನ್ನ ಕಾಲದ ಕನ್ನಡವನ್ನು ಬರೆದುಬಿಡುವನು. ಐದನೆಯ ಶತಮಾನಕ್ಕೆ ಸಾಕ್ಷಿಯಾಗಲಾರದ ಪಟಗಳು ಆ ಅಕ್ಷರಗಳ ಕಾಲದ ಹಳಗನ್ನಡಕ್ಕೆ ಒಳ್ಳೆಯ ಸಾಕ್ಷಿಯೇ ಆಗಿವೆ.

೩. ಸತ್ತ ಅಕ್ಷರದ ನೆರಳು

ಹಳಗನ್ನಡದಲ್ಲಿದ್ದು ಈಗ ಇಲ್ಲದ ಅಕ್ಷರಗಳು ಎರಡು: ಱ ಮತ್ತು ೞ. ಇವುಗಳಲ್ಲಿ ಮೊದಲನೆಯದು ರಕಾರದಲ್ಲಿ ಅಡಗಿತು. ಎರಡನೆಯದರ ಉಚ್ಚಾರವನ್ನು ತಮಿಳರೂ ಮಲೆಯಾಳಿಗಳೂ ಇಂದಿಗೂ ಆಡುವರು. ಕನ್ನಡದಲ್ಲಿ ಅದು ಸ್ವರಗಳ ನಡುವೆ ಳಕಾರವಾಯಿತು. ಕೋೞಿ ಕೋಳಿಯಾಯಿತು, ಮೞೆ ಮಳೆಯಾಯಿತು, ಬಾೞೆ ಬಾಳೆಯಾಯಿತು. ಹಲ್ಮಿಡಿಯ ಕಲ್ಲಿನಲ್ಲಿ ‘ಮೂೞಿವಳ್ಳಿ’ ಎಂಬ ಊರ ಹೆಸರಿನಲ್ಲಿ ಈ ಅಕ್ಷರವು ಮೆರೆಯುತ್ತಿದೆ. ಸುಮಾರು ೧೨೬೦ರಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನು ರಳ, ಕುಳ, ಕ್ಷಳಗಳೆಂದು ಮೂರು ಬಗೆಯನ್ನು ಹೇಳಿ, ರಳವೆಂಬ ಈ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕೊಟ್ಟನು. ಜನರ ಬಾಯಲ್ಲಿ ಅದು ಸ್ಪಷ್ಟವಾಗಿ ಉಳಿದಿದ್ದರೆ ಪಟ್ಟಿಯ ಅವಶ್ಯಕತೆಯೇ ಇರುತ್ತಿರಲಿಲ್ಲ.

ಅಕ್ಷರವು ಸತ್ತರೂ ಅದರ ನೆರಳು ಮಾತ್ರ ಕನ್ನಡದ ವ್ಯಾಕರಣದ ಮೇಲೆ ಇಂದಿಗೂ ಬಿದ್ದಿದೆ. ಬೀಳು ಎಂಬುದರ ಭೂತರೂಪವು ‘ಬಿದ್ದು’, ಏಳು ಎಂಬುದರದು ‘ಎದ್ದು’. ಆದರೆ ಕೊಳ್ಳು ಎಂಬುದರದು ‘ಕೊಂಡು’. ಎಲ್ಲದರಲ್ಲಿಯೂ ಕಾಣುವುದು ಒಂದೇ ಳಕಾರವಾಗಿರಲು ಈ ಭೇದವೇಕೆ? ಬೀಳು, ಏಳುಗಳು ಹಳಗನ್ನಡದಲ್ಲಿ ಬೀೞ್, ಏೞ್ ಎಂದಿದ್ದುವು. ಬಿೞ್ದು ಎಂಬುದು ಬಿರ್ದು ಆಗಿ ಬಿದ್ದು ಆಯಿತು. ಎೞ್ದು ಎಂಬುದು ಎರ್ದು ಆಗಿ ಎದ್ದು ಆಯಿತು. ಕೊಳ್ ಎಂಬುದರ ಳಕಾರವು ಮೊದಲಿನಿಂದಲೂ ಳಕಾರವೇ ಆದುದರಿಂದ ಅದು ಬೇರೆ ದಾರಿಯನ್ನು ಹಿಡಿಯಿತು. ಏಳರಿಂದ ಎಪ್ಪತ್ತು ಆದುದೂ ಎೞ್ಪತ್ತು ಎಂಬ ರೂಪದ ಮೂಲಕವೇ. ಬಿಳಿಯೂರಿನ ದಾನಕ್ಕೆ ಸಾಕ್ಷಿಯಾದ ಎಪ್ಪತ್ತು ಮಂದಿಯನ್ನು ಇಂದು ಹೆಸರಿಸುವ ಬಾಲಕನು ತಿಳಿಯದೆಯೇ ಸತ್ತ ಅಕ್ಷರವೊಂದರ ಕೆಲಸವನ್ನು ತನ್ನ ಬಾಯಲ್ಲಿ ನಡೆಯಿಸುತ್ತಿರುವನು.

ಹಿಟ್ಟೈಟ್ ನುಡಿಯು ಭಾಷಾಶಾಸ್ತ್ರಕ್ಕೆ ಮಾಡಿದ ಮಹೋಪಕಾರವೂ ಇಂಥದೇ. ೧೮೭೯ರಲ್ಲಿ ಸೊಸ್ಯೂರ್ ಎಂಬ ತರುಣ 스ವಿಸ್ ವಿದ್ವಾಂಸರು ಸಂಸ್ಕೃತ ಗ್ರೀಕ್ ಮೊದಲಾದುವುಗಳ ಸ್ವರಗಳ ಏರುಪೇರನ್ನು ಪರೀಕ್ಷಿಸಿ, ಮೂಲಭಾಷೆಯಲ್ಲಿ ಕೆಲವು ಧ್ವನಿಗಳಿದ್ದು ಅಳಿದುಹೋಗಿರಬೇಕೆಂದು ತರ್ಕದಿಂದಲೇ ಊಹಿಸಿದರು. ೧೯೨೭ರಲ್ಲಿ ಪೋಲೆಂಡಿನ ಕುರಿಲೋವಿಚ್ ಪಂಡಿತರು ಆ ಧ್ವನಿಗಳ ಎಡೆಯಲ್ಲಿ ಹಿಟ್ಟೈಟಿನ ಹಲಗೆಗಳಲ್ಲಿ ಒಂದು ಬಗೆಯ ಹಕಾರವು ನಿಂತಿರುವುದನ್ನು ತೋರಿಸಿಕೊಟ್ಟರು. ಸಂಸ್ಕೃತದ ‘ಅಸ್ಥಿ’ಯು ಹಿಟ್ಟೈಟಿನಲ್ಲಿ ‘ಹಸ್ತಾಯ್’ ಎಂದಿದೆ. ಬದುಕಿರುವ ನುಡಿಯಲ್ಲಿ ನೆರಳೂ ಸತ್ತ ನುಡಿಯ ಬರೆಹದಲ್ಲಿ ಅದರ ವಸ್ತುವೂ ಹೀಗೆ ಒಂದಕ್ಕೊಂದು ಕೂಡಿಬಂದುವು. ‘ಬಿದ್ದು’ ಎಂಬ ನೆರಳಿಗೂ ಶಾಸನದ ೞಕಾರಕ್ಕೂ ಇರುವ ಸಂಬಂಧವು ಇದೇ.

೪. ಹೆಸರುಗಳ ಸಾಕ್ಷ್ಯ

ಎರಡನೆಯ ಸಾಕ್ಷಿಯಾದ ಸ್ಥಳನಾಮಗಳಿಗೆ ಬರಬಹುದು. ಪೆರ್ಗ್ಗದೂರು ಪೆಗ್ಗೂರಾಗಿದೆ, ರಕಾರವು ಗಕಾರದಲ್ಲಿ ಲೀನವಾಗಿರುವುದು. ಇದು ಕನ್ನಡದಲ್ಲಿ ‘ಪೆರ್ಗಡೆ’ಯು ‘ಹೆಗ್ಗಡೆ’ಯಾದ ದಾರಿಯೇ. ಆದರೆ ಅಲ್ಲಿ ಪಕಾರವು ಹಕಾರವಾಯಿತು, ಇಲ್ಲಿ ಹಾಗಾಗಲಿಲ್ಲ. ಬಯಲುಸೀಮೆಯಲ್ಲಿ ಪಲ್ಮಿಡಿಯು ಹಲ್ಮಿಡಿಯಾದರೂ ಮಲೆನಾಡಿನಲ್ಲಿ ಪೆಗ್ಗೂರು ಪೆಗ್ಗೂರಾಗಿಯೇ ಉಳಿಯಿತು.

‘ಕಿಗ್ಗಟ್ಟುನಾಡು’ ಎಂಬ ಹೆಸರಿಗೆ ಘಟ್ಟದ ಕೆಳಗಣ ನಾಡೆಂದು ಅರ್ಥ ಹೇಳುವುದು ರೂಢಿ. ಈ ಅರ್ಥವನ್ನು ಒಪ್ಪಿದರೆ ಮೊದಲಿನ ‘ಕಿ’ ಎಂಬುದು ‘ಕೀೞ್’ ಎಂಬುದರ ಉಳಿಕೆ. ಕಿಬ್ಬೊಟ್ಟೆ, ಕಿಬ್ಬದಿ ಮುಂತಾದ ಕನ್ನಡ ಶಬ್ದಗಳಲ್ಲಿರುವುದೂ ಇದೇ. ಹಾಗಾದರೆ ಸತ್ತ ೞಕಾರವು ಈ ನಾಡಿನ ಹೆಸರಿನ ಇಮ್ಮಡಿ ಗಕಾರದಲ್ಲಿ ಸಮಾಧಿಯಾಗಿರುವುದು. ಉತ್ತರದ ‘ಏಳುಸಾವಿರ ಸೀಮೆ’ಯಾದರೋ, ಬನವಾಸಿ ಪನ್ನಿರ್ಚ್ಛಾಸಿರ, ಗಂಗವಾಡಿ ತೊಂಬತ್ತಾರು ಸಾಸಿರ ಎಂಬಂತೆ ನಾಡುಗಳನ್ನು ಸಂಖ್ಯೆಯಿಂದ ಕರೆಯುತ್ತಿದ್ದ ಹಳೆಯ ಪದ್ಧತಿಯನ್ನು ನೆನಪಿಗೆ ತರುವುದು.

ಆದರೆ ಹೆಸರುಗಳ ಸಾಕ್ಷ್ಯದಲ್ಲಿ ಎಡವುವುದು ಸುಲಭ. ಪೊನ್ನಂಪೇಟೆಯ ಪಕಾರವನ್ನು ನೋಡಿ ಅದು ಗಂಗರ ಕಾಲದ ಊರೆಂದು ಹೇಳುವಂತಿಲ್ಲ. ಅದು ಕೊಡಗಿನ ಕಡೆಯ ಅರಸರ ದಿವಾನರಾಗಿದ್ದ ಚೆಪ್ಪುಡಿರ ಪೊನ್ನಪ್ಪನವರ ಹೆಸರನ್ನು ತಳೆದ ಊರು. ಮಡಿಕೇರಿಯು ೧೬೮೧ರಲ್ಲಿ ಮುದ್ದುರಾಜನು ರಾಜಧಾನಿಯನ್ನಾಗಿ ಮಾಡಿಕೊಂಡ ‘ಮುದ್ದುರಾಜನಕೇರಿ’. ಹೆಬ್ಬಾಲೆ, ಹೊಸ್ಕೇರಿ ಮುಂತಾಗಿ ಹಕಾರವುಳ್ಳ ಹೆಸರುಗಳೂ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಕಾಗದಪತ್ರಗಳಲ್ಲಿ ಬರೆದ ರೂಪವನ್ನು ಮಾತ್ರ ನೋಡಿ ತೀರ್ಮಾನಿಸದೆ, ಆ ಊರಿನ ಮುದುಕರು ಅದನ್ನು ಹೇಗೆ ನುಡಿಯುವರೆಂದು ಕೇಳಿ ತಿಳಿಯುವುದು ಅವಶ್ಯ.

೫. ಕೊಡವ ತಕ್ಕು ಮಗಳಲ್ಲ, ತಂಗಿ

ಮೂರನೆಯ ಸಾಕ್ಷಿಯೇ ಹೆಚ್ಚು ಮುಖ್ಯವಾದುದು. ಕೊಡವರು ಹಾಲನ್ನು ಪಾಲ್ ಎಂದೂ, ಹತ್ತನ್ನು ಪತ್ತ್ ಎಂದೂ, ಹೂವನ್ನು ಪೂ ಎಂದೂ, ಹೊನ್ನನ್ನು ಪೊನ್ನ್ ಎಂದೂ ಹೇಳುವರು. ಪಂಪನ ಕಾವ್ಯವನ್ನು ಓದಿದವನಿಗೆ ಇವು ಪರಿಚಿತವಾದ ರೂಪಗಳೇ. ಇದನ್ನು ಕಂಡು, ಬಯಲಿನವರು ಬಿಟ್ಟ ಹಳಗನ್ನಡವನ್ನು ಮಲೆಯವರು ಕಾಪಾಡಿಕೊಂಡಿರುವರೆಂದೂ, ಕೊಡವ ತಕ್ಕು ಹಳಗನ್ನಡದ ಒಂದು ಅಪಭ್ರಂಶವೆಂದೂ ಹಲವರು ತಿಳಿದಿರುವರು. ಕೇಳುವುದಕ್ಕೆ ಹಿತವಾದ ಮಾತಿದು; ಪರೀಕ್ಷೆಗೆ ನಿಲ್ಲತಕ್ಕದ್ದಲ್ಲ.

ಸಂಖ್ಯಾವಾಚಕಗಳನ್ನೇ ತೆಗೆದುಕೊಳ್ಳಬಹುದು. ಕೊಡವದಲ್ಲಿ ಅವು ಒಂದ್, ದಂಡ್, ಮೂಂದ್, ನಾಲ್, ಅಂಜಿ, ಆರ್, ಏಳ್, ಎಟ್ಟ್, ಒಂಬದ್, ಪತ್ತ್ ಎಂದಿವೆ. ಹಳಗನ್ನಡದಲ್ಲಿ ಮೂರು ಎಂಬುದು ಮೂಱು, ಅದರಲ್ಲಿ ಅನುನಾಸಿಕವಿಲ್ಲ. ಮೂಱು ಎಂಬುದು ಕೆಟ್ಟು ಮೂಂದ್ ಆಯಿತೆಂದರೆ ಇಲ್ಲದ ಅನುನಾಸಿಕವು ಎಲ್ಲಿಂದ ಹುಟ್ಟಿತು? ತಮಿಳಿನ ಮೂನ್ಱು, ಮಲೆಯಾಳದ ಮೂನ್ನು ಎಂಬುವುಗಳಲ್ಲಿ ಅದು ಉಂಟು. ಮೂಲದಲ್ಲಿದ್ದ ಅನುನಾಸಿಕವನ್ನು ಕನ್ನಡವು ಬಿಟ್ಟಿತು, ಕೊಡವವು ಉಳಿಸಿಕೊಂಡಿತು ಎಂಬುದೇ ಸರಿಯಾದ ಉತ್ತರ. ಅಂಜಿ, ಎಟ್ಟ್ ಎಂಬುವೂ ಕನ್ನಡದ ಐದು, ಎಂಟುಗಳಿಂದ ಬಂದಿರಲಾರವು. ಹಾಗೆಂದು ಕೊಡವವು ತಮಿಳಿನ ಮಗಳೂ ಅಲ್ಲ. ತಮಿಳರು ‘ವಾ’ ಎನ್ನುವಲ್ಲಿ ಕೊಡವರು ಕನ್ನಡಿಗರಂತೆ ‘ಬಾ’ ಎನ್ನುವರು.

ಇನ್ನೂ ಸ್ಪಷ್ಟವಾದ ನಿದರ್ಶನವು ನಾಡಿನ ದೊಡ್ಡ ಹಬ್ಬದ ಹೆಸರಿನಲ್ಲಿದೆ. ಹೊಸ ಬತ್ತದ ಕದಿರನ್ನು ಮನೆಗೆ ತರುವ ಹಬ್ಬಕ್ಕೆ ಕೊಡವರು ‘ಪುತ್ತರಿ’ ಎನ್ನುವರು. ಹೊಸ ಅಕ್ಕಿ ಎಂದು ಅದರ ಅರ್ಥ. ಹಳಗನ್ನಡದಲ್ಲಿ ಹೊಸದು ಎಂಬುದು ‘ಪೊಸ’. ಆ ನುಡಿಯಲ್ಲಿ ಈ ಹೆಸರು ಹುಟ್ಟಿದ್ದರೆ ಪೊಸ ಎಂಬುದಕ್ಕೆ ಅಕ್ಕಿಯು ಸೇರಿ ‘ಪೊಸಕ್ಕಿ’ ಆಗಬೇಕಾಗಿದ್ದಿತು, ಪುತ್ತರಿ ಆಗುತ್ತಿರಲಿಲ್ಲ. ಕೊಡವದಲ್ಲಿ ಹೊಸದು ‘ಪುದಿಯ’. ಹಾಗೆಯೇ ಹಳಗನ್ನಡದ ‘ಪೆಸರ್’ ಕೊಡವದಲ್ಲಿ ‘ಪೆದ’. ಮನೆತನದ ಹೆಸರನ್ನು ಅವರು ‘ಮನೆಪೆದ’ ಎಂದು ಕರೆಯುವರು. ಈ ಎರಡರಲ್ಲಿಯೂ ಕನ್ನಡದ ಸಕಾರದ ಎಡೆಯಲ್ಲಿ ದಕಾರವು ನಿಂತಿದೆ. ಪಂಜೆ ಮಂಗೇಶರಾಯರು ‘ಹುತ್ತರಿಯ ಹಾಡು’ ಬರೆದು ಈ ಹಬ್ಬದ ಹೆಸರನ್ನು ಕನ್ನಡನಾಡಿಗೆಲ್ಲ ಪರಿಚಯಿಸಿದರು. ಆ ‘ಹುತ್ತರಿ’ ಎಂಬ ರೂಪವು ವಿಚಿತ್ರವಾದುದು. ಹಾಲು, ಹತ್ತುಗಳ ಅಭ್ಯಾಸದಿಂದ ಕನ್ನಡಿಗನು ಕೊಡವ ಶಬ್ದದ ಪಕಾರಕ್ಕೂ ಹಕಾರವನ್ನು ತೊಡಿಸಿದನು. ಒಡಲು ಕೊಡವ, ಮುಖವು ಕನ್ನಡ. ಎರಡು ನುಡಿಗಳು ಒಂದೇ ಅಂಗಳದಲ್ಲಿ ಬದುಕಿದ ಚರಿತ್ರೆಯು ಈ ಒಂದು ಶಬ್ದದಲ್ಲಿದೆ.

ಕೊಡವರ ‘ಒಕ್ಕ’ವನ್ನೂ ಹೀಗೆಯೇ ಕಾಣಬೇಕು. ಒಬ್ಬ ಮೂಲಪುರುಷನ ಸಂತತಿಯವರೆಲ್ಲರೂ ಕೂಡಿದ ಮನೆತನಕ್ಕೆ ಅವರು ಒಕ್ಕವೆನ್ನುವರು. ಬಿಳಿಯೂರಿನ ಕಲ್ಲಿನ ‘ಎಂಟೊಕ್ಕಲ್’ ಎಂಬುದಕ್ಕೂ ಇದಕ್ಕೂ ನಂಟು ಇದೆ. ತಮಿಳಿನಲ್ಲಿ ‘ಒಕ್ಕಲ್’ ಎಂದರೆ ನಂಟರು. ಕನ್ನಡದಲ್ಲಿ ಒಕ್ಕಲು ಎಂಬುದು ಬೇಸಾಯದ ಕುಟುಂಬವೆಂಬ ಅರ್ಥಕ್ಕೆ ತಿರುಗಿತು. ಕೊಡಗಿನಲ್ಲಿ ಅದು ಕುಲದ ಅರ್ಥವನ್ನು ಬಿಡಲಿಲ್ಲ. ಆದುದರಿಂದ ಶಾಸನದ ಎಂಟು ಒಕ್ಕಲನ್ನು ಓದುವವನು ಕೊಡವರ ಒಕ್ಕವನ್ನು ನೆನೆಯುವುದು ತಪ್ಪಲ್ಲ. ಆ ಎಂಟು ಒಕ್ಕಲಿನವರು ಕೊಡವರೇ ಎಂದು ಹೇಳಿಬಿಡುವುದಕ್ಕೆ ಮಾತ್ರ ಶಾಸನವು ಆಧಾರ ಕೊಡುವುದಿಲ್ಲ.

ಅಮೆರಿಕದ ಎಮೆನೋ ಪಂಡಿತರು ೧೯೩೫ರಿಂದ ೧೯೩೮ರ ವರೆಗೆ ಭರತಖಂಡದಲ್ಲಿದ್ದು ತೋಡ, ಕೋತ, ಕೊಡವ ಮೊದಲಾದ ನುಡಿಗಳನ್ನು ಕಿವಿಯಾರೆ ಕೇಳಿ ಬರೆದುಕೊಂಡರು. ಬರೋ ಪಂಡಿತರೊಡನೆ ಅವರು ೧೯೬೧ರಲ್ಲಿ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿಕೋಶದಲ್ಲಿ ಕೊಡವ ಶಬ್ದಗಳು ಕನ್ನಡದ ಕೆಳಗಲ್ಲ, ಪಕ್ಕದಲ್ಲಿ ನಿಂತಿವೆ. ಕೊಡವವು ಕನ್ನಡದ ಮಗಳಲ್ಲ, ತಂಗಿ. ಪಾಲ್ ಎಂಬುದರ ಪಕಾರವನ್ನು ಅದು ಹಳಗನ್ನಡದಿಂದ ಪಡೆದುದಲ್ಲ. ಎರಡೂ ಒಂದೇ ತಾಯಿಯಿಂದ ಪಡೆದುವು. ಅಕ್ಕನು ಕಾಲಕ್ರಮದಲ್ಲಿ ಕಳೆದುಕೊಂಡುದನ್ನು ತಂಗಿಯು ಇಟ್ಟುಕೊಂಡಿದ್ದಾಳೆ. ಎಲ್ಲವನ್ನೂ ಇಟ್ಟುಕೊಂಡಳೆಂದಲ್ಲ, ೞಕಾರವು ಅವಳ ಬಾಯಲ್ಲಿಯೂ ಇಲ್ಲ, ಕೋಳಿ, ಏಳ್ ಎಂದೇ ಅವಳೂ ಹೇಳುವಳು. ಇದರಿಂದ ಕೊಡವದ ಮಹತ್ವವು ಕಡಮೆಯಾಗದೆ ಹೆಚ್ಚುವುದು. ಅಪಭ್ರಂಶವಾಗಿದ್ದರೆ ಅದು ಶಾಸನಗಳಲ್ಲಿರುವುದನ್ನೇ ಇನ್ನೊಮ್ಮೆ ಹೇಳುವ ಸಾಕ್ಷಿಯಾಗುತ್ತಿತ್ತು. ತಂಗಿಯಾದುದರಿಂದ, ಯಾವ ಕಲ್ಲಿನಲ್ಲಿಯೂ ಬರೆಯಲ್ಪಡದ ಮೂಲದ್ರಾವಿಡ ನುಡಿಯ ಬಗ್ಗೆ ಸ್ವತಂತ್ರವಾಗಿ ಮಾತನಾಡಬಲ್ಲ ಸಾಕ್ಷಿಯಾಗಿದೆ.

೬. ಬಾಯಲ್ಲಿರುವ ಶಾಸನ

ಈ ಸಾಕ್ಷಿಯನ್ನು ಬರೆಹದಲ್ಲಿ ಹಿಡಿದಿಡುವ ಯತ್ನವು ತಡವಾಗಿ ಮೊದಲಾಯಿತು. ೧೮೬೭ರಲ್ಲಿ ಕೋಲ್ ಎಂಬ ಸೇನಾಧಿಕಾರಿಗಳು ಕೊಡವ ನುಡಿಗೆ ಚಿಕ್ಕದೊಂದು ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅಪ್ಪಚ್ಚಕವಿಗಳು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕೊಡವದಲ್ಲಿ ನಾಟಕಗಳನ್ನು ರಚಿಸಿದರು. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಹಾಡುಗಳನ್ನೂ ಗಾದೆಗಳನ್ನೂ ಪದ್ಧತಿಗಳನ್ನೂ ಸಂಗ್ರಹಿಸಿ ೧೯೨೪ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದರು. ಇವೆಲ್ಲ ಸಾಹಿತ್ಯವೂ ಕನ್ನಡ ಲಿಪಿಯಲ್ಲಿದೆ. ಕೊಡವದಲ್ಲಿ ಕನ್ನಡಕ್ಕಿಲ್ಲದ ಎರಡು ಬಗೆಯ ಸ್ವರಗಳು, ಹ್ರಸ್ವವೂ ದೀರ್ಘವೂ ಆಗಿ, ನಾಲಗೆಯ ನಡುವಿನಿಂದ ಹೊರಡುವುವು. ಕನ್ನಡ ಲಿಪಿಯಲ್ಲಿ ಅವುಗಳಿಗೆ ಚಿಹ್ನೆಯಿಲ್ಲ. ಮೇಲೆ ಬರೆದ ‘ಒಂದ್’, ‘ಏಳ್’ ಎಂಬ ರೂಪಗಳೂ ಸಮೀಪದವು ಮಾತ್ರವೇ ಹೊರತು ನಿಜವಾದ ಉಚ್ಚಾರವಲ್ಲ. ಹಿಟ್ಟೈಟರೂ ಬಾಬಿಲೋನಿಯದವರ ಬಾಣಾಕಾರದ ಲಿಪಿಯನ್ನು ಎರವು ತಂದರು. ಒತ್ತಕ್ಷರಗಳನ್ನು ಸರಿಯಾಗಿ ತೋರಿಸಲಾರದ ಆ ಲಿಪಿಯ ದೆಸೆಯಿಂದ ಅವರ ಎಷ್ಟೋ ಶಬ್ದಗಳ ಉಚ್ಚಾರದಲ್ಲಿ ಇಂದಿಗೂ ವಾದವಿದೆ. ಕೇಳಿ ತಿಳಿಯೋಣವೆಂದರೆ ಹೇಳುವ ಬಾಯಿಯಿಲ್ಲ.

ಕೊಡಗಿನಲ್ಲಿ ಬಾಯಿ ಇನ್ನೂ ಇದೆ. ಆದರೆ ೨೦೦೧ರ ಜನಗಣತಿಯಲ್ಲಿ ಕೊಡವವನ್ನು ತಾಯ್ನುಡಿಯೆಂದು ಬರೆಯಿಸಿದವರು ೧,೬೬,೧೮೭ ಮಂದಿಯಿದ್ದರೆ ೨೦೧೧ರ ಗಣತಿಯಲ್ಲಿ ೧,೧೩,೮೫೭ ಮಂದಿ ಮಾತ್ರವೇ ಇದ್ದರು. ಗಣತಿಯ ಅಂಕೆಗಳಲ್ಲಿ ಲೆಕ್ಕಿಗರ ಕೈವಾಡವೂ ಬರೆಯಿಸುವವರ ಮನೋಭಾವವೂ ಸೇರಿರುವುದುಂಟು. ಆದರೂ ಹತ್ತು ವರ್ಷಗಳಲ್ಲಿ ಐವತ್ತು ಸಾವಿರಕ್ಕೆ ಮಿಕ್ಕು ಇಳಿದುದು ಉಪೇಕ್ಷಿಸತಕ್ಕ ಸಂಗತಿಯಲ್ಲ. ಯುನೆಸ್ಕೊ ಸಂಸ್ಥೆಯೂ ಕೊಡವವನ್ನು ಅಪಾಯಕ್ಕೊಳಗಾದ ನುಡಿಗಳ ಪಟ್ಟಿಯಲ್ಲಿ ಸೇರಿಸಿದೆ. ಯರವರು, ಜೇನುಕುರುಬರು, ಬೆಟ್ಟಕುರುಬರು ಆಡುವ ನುಡಿಗಳು ಇದಕ್ಕಿಂತಲೂ ದುರ್ಬಲವಾದ ಸ್ಥಿತಿಯಲ್ಲಿವೆ. ಅವುಗಳ ಸಾಕ್ಷ್ಯವನ್ನು ಕೇಳಿದವರು ಇನ್ನೂ ಕಡಮೆ.

ಬಿಳಿಯೂರಿನ ಅರಸನು ತನ್ನ ಮಾತು ಉಳಿಯಬೇಕೆಂದು ಅದನ್ನು ಕಲ್ಲಿನಲ್ಲಿ ಕೊರೆಯಿಸಿದನು. ಮಲೆಯ ಸಾಸಿರ್ವರನ್ನು ಅದರ ಕಾಪಿಗೆ ನಿಲ್ಲಿಸಿದನು. ಆ ಕಲ್ಲು ವಿದ್ವಾಂಸನು ಬರುವ ವರೆಗೆ ಸಾವಿರ ವರ್ಷ ಮಳೆಯಲ್ಲಿ ನೆನೆಯುತ್ತ ಕಾದು ನಿಂತಿತು. ಮನುಷ್ಯರ ಬಾಯಲ್ಲಿರುವ ಶಾಸನವು ಹಾಗೆ ಕಾಯಲಾರದು. ಊರಿನ ಮುದುಕರು ಗದ್ದೆಗೆ, ತೋಡಿಗೆ, ಬೆಟ್ಟಕ್ಕೆ, ಕಡಂಗಕ್ಕೆ ಹೇಳುವ ಹೆಸರುಗಳನ್ನು ಅವರು ಹೇಳಿದಂತೆಯೇ ಬರೆದಿಡುವುದೂ, ಈಗ ಯಂತ್ರಗಳಿರುವುದರಿಂದ ಅವರ ಧ್ವನಿಯನ್ನೇ ಹಿಡಿದಿಡುವುದೂ ಪಂಡಿತರಲ್ಲದವರಿಂದಲೂ ಆಗತಕ್ಕ ಕೆಲಸ. ಪೆಗ್ಗೂರನ್ನು ಪೆಗ್ಗೂರೆಂದೂ ಪುತ್ತರಿಯನ್ನು ಪುತ್ತರಿಯೆಂದೂ ನುಡಿಯುವವರಿರುವಾಗಲೇ ಅದು ನಡೆಯಬೇಕು.